ಸಹಾಯ ಬೇಕು: ಜರ್ಮನಿಯಿಂದ ಬಂದ ಜಿಪಿಎಗೆ ಮುದ್ರಾಂಕ ಶುಲ್ಕ ಎಲ್ಲಿ ಕಟ್ಟಬೇಕು?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಸೈಟ್ ಮಾರಾಟಕ್ಕೆ ಫ್ರಾಂಕ್‌ಫರ್ಟ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಮೂಲ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಕೊರಿಯರ್‌ನಲ್ಲಿ ಬಂದಿದೆ. ರಾಜ್ಯಕ್ಕೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬಂದ ದಿನಾಂಕಕ್ಕೆ ಸಾಕ್ಷಿಯಾಗಿ ಕೊರಿಯರ್ ಲಕೋಟೆ, ರಸೀದಿ ಎರಡನ್ನೂ ಜೋಪಾನವಾಗಿ ಇಟ್ಟಿದೆ. ಅಧಿಕಾರ ಪಡೆದವರು ಹಾಸನದಲ್ಲಿದ್ದಾರೆ. ಅರ್ಜಿಯನ್ನು ಹಾಸನದ ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕೋ, ಮೈಸೂರಿನವರಿಗೋ? ಇತ್ತೀಚೆಗೆ ಮಾಡಿಸಿದವರು ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ಸೈಟ್ ಮಾಲೀಕರು ಕೆಲಸಕ್ಕೆಂದು ಜರ್ಮನಿಗೆ ಹೊರಟದ್ದು ಸೆಪ್ಟೆಂಬರ್ 20ಕ್ಕೆ. ಏಪ್ರಿಲ್ 1ರಿಂದ ಲೆಕ್ಕ ಹಾಕಿದರೆ ಭಾರತದಲ್ಲಿ ಇದ್ದದ್ದು ಆಗಲೇ 173 ದಿನ. ಮಾರ್ಚ್ ಮುಗಿಯುವುದರೊಳಗೆ 9 ದಿನ ಊರಿಗೆ ಬಂದರೂ 182 ತುಂಬಿ, ಆದಾಯ ತೆರಿಗೆ ಲೆಕ್ಕದಲ್ಲಿ ಆ ವರ್ಷಕ್ಕೆ ನಿವಾಸಿಯೇ ಆಗುತ್ತಾರೆ. ಆದ್ದರಿಂದ ಬರುವುದಿಲ್ಲ. ಅನಿವಾಸಿ ಮಾರಿದರೆ ಖರೀದಿದಾರರು ಬರೀ 1% ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದರೆ ಸಾಲದು. ಟಿಡಿಎಸ್ ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆ ಕೊಡುವ ಪ್ರಮಾಣಪತ್ರ ಕೈಗೆ ಬರಲು ಎಷ್ಟು ವಾರ ಹಿಡಿಯಿತು? ಕ್ರಯಪತ್ರದ ದಿನ ಗೊತ್ತುಮಾಡಬೇಕಿದೆ.