ಡೇವಿಡ್ ಅಲಾಬಾ ಅವರಿಗೆ ಒಪ್ಪುವ ಸ್ಥಾನ ಯಾವುದು?

ಪ್ರಶ್ನೆ: ಜರ್ಮನಿಯ ಫುಟ್‌ಬಾಲ್ ಕ್ಲಬ್ ಬಾಯರ್ನ್ ಮ್ಯೂನಿಕ್ ತಂಡದಲ್ಲಿ ಎಡಬದಿಯ ರಕ್ಷಣಾ ಆಟಗಾರರಾಗಿ ಹೆಸರು ಮಾಡಿದ ಅಲಾಬಾ, ತಮ್ಮ ದೇಶವಾದ ಆಸ್ಟ್ರಿಯಾ ತಂಡದಲ್ಲಿ ಹೆಚ್ಚಾಗಿ ಮಿಡ್‌ಫೀಲ್ಡ್‌ನಲ್ಲಿ (ಮೈದಾನದ ನಡುಭಾಗದಲ್ಲಿ) ಆಡಿದ್ದೇಕೆ?

ಉತ್ತರ 1: 2009ರಲ್ಲಿ, 17ನೇ ವಯಸ್ಸಿಗೇ ರಾಷ್ಟ್ರೀಯ ತಂಡ ಸೇರಿದ ಅವರಷ್ಟು ನಿಖರವಾಗಿ ಚೆಂಡನ್ನು ಮುಂದಕ್ಕೆ ಸಾಗಿಸಬಲ್ಲವರು ಅಲ್ಲಿ ವಿರಳವಾಗಿದ್ದುದರಿಂದ, ತರಬೇತುದಾರರು ಅವರನ್ನು ಆಟದ ನಡುವೆಯೇ ಇರಿಸಿದರು ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ನನಗೆ ಅವರು ಮೊದಲಿಗೆ ಸೆಂಟರ್ ಬ್ಯಾಕ್, ಅಂದರೆ ರಕ್ಷಣೆಯ ಮಧ್ಯದಲ್ಲಿ ಆಡುವವರು. 2019-20ರಲ್ಲಿ ತರಬೇತುದಾರ ಹಾನ್ಸಿ ಫ್ಲಿಕ್, ಅಲಾಬಾ ಅವರನ್ನು ಆ ಸ್ಥಾನಕ್ಕೆ ತಂದ ಮೇಲೆ ಬಾಯರ್ನ್ ಮೂರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದಿತು. 2021ರಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸೇರಿದ ಅವರು ಮರುವರ್ಷವೇ ಯುರೋಪಿನ ಕ್ಲಬ್‌ಗಳ ಪ್ರಮುಖ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು.

ಉತ್ತರ 3: 2023ರ ಡಿಸೆಂಬರ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದಿದ್ದರೂ, 2024ರ ಯೂರೋ ಕಪ್‌ನಲ್ಲಿ ಅವರು ಆಡದ ನಾಯಕರಾಗಿ ತಂಡದೊಡನೆ ನಿಂತದ್ದನ್ನು ನಾನು ಮರೆಯಲಾರೆ.