ಜಾರಿ, ಜುಲ್ಮಾನೆ, ಪಾಲನೆ: ಟ್ರಾಫಿಕ್ ಕಾನೂನಿನ ಮಾತಿಗೆ ನಿಮ್ಮ ಕಡೆ ಏನಂತಾರ್ರಿ?

ಎಲ್ಲರಿಗೂ ನಮಸ್ಕಾರ್ರಿ. ರಾಯಚೂರಿಂದ ಬರಿಯಾಕತ್ತೀನಿ. ನಮ್ಮ ಹೈಸ್ಕೂಲಿನ ಕಂಪೌಂಡ್ ಗೋಡಿ ಮ್ಯಾಲೆ ರಸ್ತೆ ಸುರಕ್ಷತೆ ಬಗ್ಗೆ ನಾಲ್ಕು ಸಾಲು ಬರಸ್ಬೇಕಾಗೈತಿ, ಕನ್ನಡ ಮಾಸ್ತರ ನೀವಾ ಅದೀರಲ್ಲ ಅಂತ ಹೆಡ್‌ಮಾಸ್ತರು ಆ ಕೆಲಸ ನನಗ ಒಪ್ಪಿಸಿದ್ರು. ನಾನೂ ಎಲ್ಲರಂಗ ಸರ್ಕಾರಿ ಬೋರ್ಡಿನ ಸಾಲು ಒಂದು ಬರ್ಕೊಂಡು ಹೋಗಿ ಒಂಬತ್ತನೇತ್ತದ ಹುಡುಗ್ರ ಮುಂದ ಓದಿದೆ. “ಸಂಚಾರ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲಾಗುವುದು, ಉಲ್ಲಂಘಿಸಿದವರಿಗೆ ದಂಡ ವಿಧಿಸಲಾಗುವುದು.” ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದ್ಲು, “ಸರ್, ಜಾರೋದು ಅಂದ್ರ ಕಾಲ್ ಜಾರೋದಲ್ರಿ, ನಿಯಮ ಯಾಕ ಜಾರಿಸ್ತಾರ?” ಯಾರೂ ನಗಲಿಲ್ಲ, ಯಾಕಂದ್ರ ಉಳಿದವ್ರಿಗೂ ಅದಾ ಅನುಮಾನ ಇತ್ತು. ಅವತ್ತಿಂದ ಈ ಪದಗಳು ನನ್ನ ತಲ್ಯಾಗ ಕುಂತಾವ, ಅದಕ್ಕ ನಿಮ್ಮನ್ನ ಕೇಳಾಕತ್ತೀನಿ.

ಜಾರಿ ಅರಬ್ಬಿ ಮೂಲದ ಪದ, ಹರಿಯೋದು, ನಡೀತಾ ಇರೋದು ಅಂತ ಅರ್ಥ, ಉರ್ದು ಆಡಳಿತದ ದಾರಿ ಹಿಡಿದು ನಮ್ಮ ಕಚೇರಿಗಳಿಗೆ ಬಂದದ್ದು. ಕಾಲು ಜಾರೋ ‘ಜಾರು’ ಬ್ಯಾರೇನಾ, ಅದು ನಮ್ದಾ. ಹುಡುಗಿಗೆ ನಾನು ಹಂಗಾ ಹೇಳಿದೆ, ನೀರು ಕಾಲುವ್ಯಾಗ ಹರಿಯೋ ಹಂಗ ನಿಯಮ ಪುಸ್ತಕದಿಂದ ರೋಡಿಗೆ ಹರಿದು ಬರೋದು ಜಾರಿ ಅಂತ. ತುಂಗಭದ್ರಾ ಎಡದಂಡೆ ಕಾಲುವಿ ಹಳ್ಳಿಯಿಂದ ಬರೋ ಹುಡುಗಿ, ಕೊನೀ ಹೊಲಕ್ಕ ನೀರು ಬರ್ಲಿಲ್ಲ ಅಂದ್ರ ಕಾಲುವಿ ಇದ್ದೂ ಉಪಯೋಗಿಲ್ಲ ಅನ್ನೋದು ಆಕಿಗೆ ಹೇಳಿಕೊಡಬೇಕಾಗಿಲ್ಲ, ತಟ್ಟನ ತಿಳೀತು.

ನನಗ ಹೆಚ್ಚು ಕಾಡಿದ್ದು ಜುಲ್ಮಾನೆ. ನಮ್ಮ ಕಡೆ ವಯಸ್ಸಾದವ್ರು ಇವತ್ತಿಗೂ “ಜುಲ್ಮಾನಿ ಹಾಕಿದ್ರು” ಅಂತಾರ, ಕೋರ್ಟಿನ ಕನ್ನಡದಾಗೂ ‘ಕಾರಾವಾಸ ಮತ್ತು ಜುಲ್ಮಾನೆ’ ಅಂತನಾ ಐತಿ. ಇದರ ಮೂಲ ಜುರ್ಮಾನಾ, ಜುರ್ಮ್ ಅಂದ್ರ ಅಪರಾಧ, ಅಪರಾಧಕ್ಕ ಕಟ್ಟೋ ರೊಕ್ಕ ಜುರ್ಮಾನಾ. ಗಡಿ ದಾಟಿದ್ರ ತೆಲುಗಿನವ್ರು ಜರಿಮಾನಾ ಅಂತಾರ, ಅಲ್ಲಿ ರಕಾರ ಉಳ್ಕೊಂಡೈತಿ. ನಮ್ಮ ಬಾಯಾಗ ರಕಾರ ಹೋಗಿ ಲಕಾರ ಆತು, ಆದ ಕೂಡ್ಲೇ ಜುಲುಮೆ, ಜುಲುಮಿ ಅನ್ನೋ ಇನ್ನೊಂದು ಪದದ ಪಕ್ಕಕ್ಕ ಬಂದು ನಿಂತ್ಕೊಂಡ್ತು. ಅದು ಜುಲ್ಮ್, ಅಂದ್ರ ದಬ್ಬಾಳಿಕೆ. ಎರಡಕ್ಕೂ ಸಂಬಂಧನಾ ಇಲ್ಲ. ಆದ್ರ ಕೇಳೋ ಕಿವಿಗೆ ಜುಲ್ಮಾನೆ ಅಂದ್ರ ಜುಲುಮಿಲೆ ಕಿತ್ಕೊಂಡ ರೊಕ್ಕ ಅಂತನಾ ಕೇಳಸ್ತೈತಿ. ನಮ್ಮ ಮನಿಗೆ ಹಾಲು ಹಾಕೋ ಹಿರಿಯರು ಒಬ್ರು, ಮೊಮ್ಮಗ ಲೈಸನ್ಸ್ ಇಲ್ದ ಗಾಡಿ ಓಡ್ಸಿ ಸಿಕ್ಕಾಗ “ಜುಲ್ಮಾನಿ ಅಂದಮ್ಯಾಲೆ ಜುಲುಮಿನಾ ಅಲ್ಲೇನ್ರಿ ಮಾಸ್ತರ” ಅಂದ್ರು, ಅವ್ರು ವಾದ ಮಾಡ್ಲಿಲ್ಲ, ಪದದ ಅರ್ಥ ಹೇಳಿದ್ರು ಅಷ್ಟ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ರ ಕೊಟ್ಟ ಪಾಲಕರಿಗೇ 25,000 ರೂಪಾಯಿ ದಂಡ, ಮ್ಯಾಲೆ ಮೂರು ವರ್ಷದ ತನಕ ಜೈಲು ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಾಗ ಬಂದೈತಿ, ಅದನ್ನ ಹೇಳಿದೆ, ಆ ಹಿರಿಯರ ಮುಖ ಸಣ್ಣದಾತು.

ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಆಡಳಿತದಾಗಿದ್ದವು, ಬಳ್ಳಾರಿ 1953ರ ತನಕ ಮದ್ರಾಸಿನ ಕೆಳಗಿತ್ತು, ಹಿಂಗಾಗಿ ಕಚೇರಿ ಪದ ಬ್ಯಾರೆ ಬ್ಯಾರೆ ಇರಬೇಕು ಅಂತ ನನ್ನ ಅಂದಾಜು. ಬಳ್ಳಾರಿಯವ್ರು ಯಾರಾದ್ರೂ ಇದ್ರ ದಯವಿಟ್ಟು ಹೇಳ್ರಿ, ರಾಯಲ್ ಸರ್ಕಲ್ ಕಡೆ ಹಳೇ ಮಂದಿ ಫೈನಿಗೆ ಏನಂತಿದ್ರು?

ದಂಡ ಅನ್ನೋದ್ರ ಕಥಿ ಇನ್ನೊಂದು. ದಂಡ ಅಂದ್ರ ಕೋಲು, ಕೋಲಿಂದ ಶಿಕ್ಷೆ, ಶಿಕ್ಷೆಯಿಂದ ಕಟ್ಟೋ ರೊಕ್ಕ. ಆದ್ರ ದಿನದ ಮಾತಿನಾಗ ದಂಡ ಅಂದ್ರ ವ್ಯರ್ಥ, “ಬಸ್ಸು ತಪ್ಪಿ ದಿನ ದಂಡ ಆತು”, “ರೊಕ್ಕ ದಂಡ”. ಹಿಂಗಾಗಿ ಹೆಲ್ಮೆಟ್ ಇಲ್ಲ ಅಂತ ಐನೂರು ಕಟ್ಟಿದವ “ಐನೂರು ದಂಡ ಆತು” ಅಂದ್ರ ಅದು ಯಾವ ದಂಡ ಅಂತ ಅವನಿಗೂ ಗೊತ್ತಿರಂಗಿಲ್ಲ. (ಕೇಂದ್ರದ ಕಾಯ್ದೆಯಾಗ ಹೆಲ್ಮೆಟ್‌ಗೆ ಸಾವಿರ ಐತಿ, 194ಡಿ ಕಲಂ, 2019ರ ಸೆಪ್ಟೆಂಬರಿನಾಗ ನಮ್ಮ ಸರ್ಕಾರ ಐನೂರಕ್ಕ ಇಳಿಸ್ತು.)

ಚಲಾನ್ ಬಗ್ಗೆ ಒಂದು ಮಾತು ಅಷ್ಟ. ಮೊದ್ಲು ನಮಗ ಚಲನ್ ಅಂದ್ರ ಪರೀಕ್ಷಾ ಫೀ ಕಟ್ಟೋಕ ಬ್ಯಾಂಕಿನಾಗ ತುಂಬೋ ಚೀಟಿ, ಈಗ ಮೊಬೈಲಿಗೆ ಬರೋ ಫೈನಿನ ಮೆಸೇಜು. ಹಿಂದಿಯ ಚಲ್ನಾದಿಂದ ಬಂದ ಪದ, ಚಾಲಕ, ಚಾಲನೆ ಇರೋದೂ ಅದಾ ಧಾತುವಿನಾಗ.

ಉಲ್ಲಂಘನೆ ಅಂದ್ರ ದಾಟಿ ಹಾರೋದು. ಹನುಮಂತ ಸಮುದ್ರ ಹಾರಿದ್ದು ಸಾಗರೋಲ್ಲಂಘನ, ಅವನು ಹುಟ್ಟಿದ್ದು ಅಂತ ಜನ ನಂಬೋ ಅಂಜನಾದ್ರಿ ಇಲ್ಲೇ ಕೊಪ್ಪಳ ಜಿಲ್ಲೆಯಾಗೈತಿ. ಹುಡುಗ್ರೂ ಸಿಗ್ನಲ್ ‘ಜಂಪ್’ ಅಂತಾರ, ಅದೂ ಹಾರೋದಾ. ಹಾರೋದು ನಮ್ಮ ಭಾಷೆಯಾಗ ಯಾವತ್ತೂ ಗಂಡಸ್ತನದ ಮಾತು, ಹೊಗಳಿಕಿ ಮಾತು. ಅದಕ್ಕ ಗೋಡಿ ಮ್ಯಾಲೆ ‘ಉಲ್ಲಂಘನೆ’ ಬರಿಯಾಕ ನನಗ ಮನಸ್ಸಿಲ್ಲ, ‘ನಿಯಮ ಮುರಿದ್ರ’ ಅಂತನಾ ಬರಿಯೋಣ ಅಂತ. ಮುರಿಯೋದ್ರಾಗ ಕೈಕಾಲು ಮುರಿಯೋದೂ ಬರ್ತೈತಿ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರ್ತೀನಿ. ಪೊಲೀಸ್ರು ಮಾಡೋದಕ್ಕ ನಮ್ಮಲ್ಲಿ ರಾಶಿ ಪದ ಅದಾವ, ಜಾರಿ, ದಂಡ, ಕೇಸು, ತಪಾಸಣೆ, ಜಪ್ತಿ. ಗಾಡಿ ಓಡಿಸೋನು ಮಾಡಬೇಕಾದ್ದಕ್ಕ ಏನೈತಿ? ಬೈಕಿನವ್ರು ಎದುರಿಗೆ ಬರೋವ್ರಿಗೆ ಲೈಟು ಎರಡು ಸಲ ಹಚ್ಚಿ ಆರ್ಸಿ “ಮುಂದ ಹಿಡ್ಯಾಕತ್ಯಾರ” ಅಂತ ಕೂಗ್ತಾರ. ಯಾರು, ಯಾರನ್ನ, ಯಾಕ, ಯಾವದೂ ಆ ವಾಕ್ಯದಾಗ ಇಲ್ಲ, ಆದ್ರೂ ಎಲ್ಲಾರಿಗೂ ತಿಳೀತೈತಿ. ಹಿಡಿಯೋದು, ತಪ್ಪಿಸ್ಕೊಳ್ಳೋದು, ಈ ಎರಡಾ ಕ್ರಿಯಾಪದದಾಗ ನಮ್ಮ ಟ್ರಾಫಿಕ್ ಮಾತು ಮುಗೀತೈತಿ, ಬೆಕ್ಕು ಇಲಿ ಮಾತಿನಂಗ. ಮೂರನೇ ಕ್ರಿಯಾಪದ ಒಂದು ಬೇಕು ಅಂತ ನನ್ನ ಹಠ, ಅದಕ್ಕ ಕಾರಣ ಐತಿ.

ನನ್ನ ಕಾಕಾನ ಮಗ, ನನಗಿಂತ ಆರು ವರ್ಷ ಸಣ್ಣವ. ದಿನಾ ಕೆಲಸಕ್ಕ ಹೋಗೋವಾಗ ಸರ್ಕಲ್ ಬರೋ ತನಕ ಹೆಲ್ಮೆಟ್ ಹಾಕ್ತಿದ್ದ, ದಾಟಿದ ಕೂಡ್ಲೇ ತೆಗೆದು ಕನ್ನಡಿಗೆ ಸಿಗಿಸ್ತಿದ್ದ. ಸೆಕಿ, ಅಂತಿದ್ದ, ರಾಯಚೂರ ಬಿಸ್ಲು ಗೊತ್ತಲ್ಲ ನಿಮಗ. ಗಂಜ್ ಕಡೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಒಂದು ತಿರುಗೋವಾಗ ಇವ ಬ್ರೇಕ್ ಒತ್ತಿದ, ಉಸುಕು, ಗಾಡಿ ಮಲಗಿತು. ನಾವು ಹೋದಾಗ ಹೆಲ್ಮೆಟ್ ಕನ್ನಡಿಗೇ ಇತ್ತು, ಒಂದು ಗೀರೂ ಬಿದ್ದಿರ್ಲಿಲ್ಲ. ಅವ ಉಳಿದ, ದೇವ್ರ ದಯೆ. ಆದ್ರ ಪದಗಳು ಹೋದವು. ನೀರಿನ ಚೆರಿಗಿ ತೋರ್ಸಿ “ಅದು… ಅದು…” ಅಂತಾನ, ಹೆಸ್ರು ಬರಂಗಿಲ್ಲ, ಮಗಳನ್ನ ಕರಿಯೋವಾಗ ಸುಮ್ನ ಕೈ ಮಾಡ್ತಾನ, ಆ ಕೂಸು ಅವನ ಬಾಯಿನಾ ನೋಡ್ಕೋತ ನಿಂದರ್ತೈತಿ. ಅವ ನಿಯಮಕ್ಕಲ್ಲ, ಸರ್ಕಲ್ಲಿಗೆ ಹೆಲ್ಮೆಟ್ ಹಾಕ್ತಿದ್ದ. ಅವನಿಗೆ ಗೊತ್ತಿದ್ದದ್ದು ‘ಹಿಡೀತಾರ’ ಅನ್ನೋ ಒಂದಾ ಪದ, ಹಿಡಿಯೋರು ಇಲ್ಲದಲ್ಲಿ ಆ ಪದ ಕೆಲಸ ಮಾಡ್ಲಿಲ್ಲ.

ಹಂಗಾರ ಯಾವ ಪದ? ವಿಧೇಯತೆ ಬ್ಯಾಡ, ಅದು ಅರ್ಜಿ ಕೆಳಗ ‘ತಮ್ಮ ವಿಧೇಯ’ ಅಂತ ಬರಿಯೋ ಕೈಮುಗಿಯೋ ಪದ. ಕಾನೂನಿನ ಕನ್ನಡದಾಗ ‘ತಕ್ಕದ್ದು’ ಅಂತ ಬರ್ತೈತಿ. ಯೂನಿಫಾರ್ಮಿನಾಗಿರೋ ಪೊಲೀಸ್ ಅಧಿಕಾರಿ ಕೇಳಿದ್ರ ಚಾಲಕ ಲೈಸನ್ಸ್ ‘ಹಾಜರುಪಡಿಸತಕ್ಕದ್ದು’, 1988ರ ಮೋಟಾರು ವಾಹನ ಕಾಯ್ದೆ 130ನೇ ಕಲಮಿನ ಮಾತು. ಸಿಗ್ನಲ್ ದೀಪ ಆಗ್ಲಿ ಡ್ಯೂಟಿ ಮ್ಯಾಲಿರೋ ಪೊಲೀಸಪ್ಪ ಆಗ್ಲಿ ತೋರ್ಸಿದಂಗ ನಡೀಬೇಕು ಅನ್ನೋದು 119. ನಾನು ಮೊದ್ಲು ತಕ್ಕದ್ದು ಅಂದ್ರ ಒಣ ಹುಕುಂ ಅಂತ ತಿಳ್ಕೊಂಡಿದ್ದೆ, ಬಿಡಿಸಿ ನೋಡಿದ್ರ ‘ತಕ್ಕ’ ಅಂದ್ರ ಯೋಗ್ಯ, ಒಪ್ಪುವಂಥದ್ದು. ‘ನಿನಗ ಇದು ತಕ್ಕದ್ದು’ ಅಂತ ಹೇಳಿದಂಗ. ಎಷ್ಟು ಮರ್ಯಾದಿ ಮಾತು ನೋಡ್ರಿ, ಆದ್ರ ಓದೋವಾಗ ಯಾರಿಗೂ ಹಂಗ ಕೇಳಸಂಗಿಲ್ಲ.

ಇದಾ ಕಾಯ್ದೆಗೆ 2019ರಾಗ ಸೇರ್ಸಿದ 210ಬಿ ಕಲಮನ್ನೂ ಹುಡುಗ್ರಿಗೆ ಹೇಳಿದೆ, ಕಾನೂನು ಜಾರಿ ಮಾಡೋ ಅಧಿಕಾರಿನಾ ಅದನ್ನ ಮುರಿದ್ರ ಅವ್ರಿಗೆ ದುಪ್ಪಟ್ಟು ದಂಡ. ಹುಡುಗ್ರ ಕಣ್ಣು ಅರಳಿದ್ವು. ತಕ್ಕದ್ದು ಅನ್ನೋದು ಇಬ್ರಿಗೂ ಐತಿ ಅಂತ ತಿಳಿದ ಮ್ಯಾಲೆ ಅವ್ರು ಪಾಠ ಕೇಳೋ ರೀತಿನಾ ಬದಲಾತು.

ಪಾಲಿಸು ಒಳ್ಳೇ ಪದ. ಮೂಲದಾಗ ಅದರ ಅರ್ಥ ಕಾಪಾಡು. ಮಕ್ಕಳ ಪಾಲನೆ, ಪಾಲಕರು, ಗೋಪಾಲ, ಎಲ್ಲಾ ಅದಾ. ನಿಯಮ ಪಾಲಿಸೋದು ಅಂದ್ರ ನಿಯಮಕ್ಕ ತಲಿ ಬಗ್ಗಿಸೋದಲ್ಲ, ನಿಯಮವನ್ನ ಜ್ವಾಪಾನ ಮಾಡೋದು. ಪೊಲೀಸ್ರಿಗೆ ಹಳೇ ಬೋರ್ಡುಗಳಾಗ ಆರಕ್ಷಕ ಅಂತಿದ್ರು, ಅವ್ರೂ ಕಾಪಾಡೋರು, ಗಾಡಿ ಓಡಿಸೋನೂ ಕಾಪಾಡೋನು. ಆದ್ರ ‘ಪಾಲಿಸಿ’ ಅಂತ ಸಾವಿರ ಬೋರ್ಡಿನಾಗ ಬರ್ದು ಬರ್ದು ಅದು ಸವದ ನಾಣ್ಯ ಆಗೇತಿ, ಮ್ಯಾಲೆ ಹುಡುಗ್ರಿಗೆ ಪಾಲಿಸಿ ಅಂದ್ರ ಎಲ್‌ಐಸಿ ಪಾಲಿಸಿ.

ಇದನ್ನ ಯೋಚನಿ ಮಾಡ್ಕೋತ ಮೊನ್ನೆ ಸಿಗ್ನಲ್ಲಿನಾಗ ನಿಂತಿದ್ದೆ. ಪಕ್ಕದ ಆಟೋದಾಗ ಒಬ್ಬಾಕಿ ಅಮ್ಮ ಕುಂತಿದ್ರು, ಮಡಿಲಾಗ ಕೂಸು, ಆಟೋದವ ಎಕ್ಸಲೇಟರ್ ತಿರುವಿ ತಿರುವಿ ಗುರ್ ಅನ್ಸಾಕತ್ತಿದ್ದ. ಆಕಿ ಮೆತ್ತಗ “ಕಾಯಪ್ಪಾ, ಕಾಯಿ” ಅಂದ್ರು. ಆಟೋದವ ಕೈ ಬಿಟ್ಟು ಕುಂತ. ನನಗ ಅಲ್ಲೇ ಹೊಳೀತು. ಕಾಯು ಅಂದ್ರ ದಾರಿ ನೋಡ್ಕೋತ ನಿಂದ್ರೋದು, ಕಾಯು ಅಂದ್ರ ರಕ್ಷಿಸೋದು. ಹೊಲ ಕಾಯ್ತಾರ, ದನ ಕಾಯ್ತಾರ, ಬಸ್ಸಿಗೆ ಕಾಯ್ತಾರ, ದೇವ್ರು ನಮ್ಮನ್ನ ಕಾಯ್ತಾನ. ಸಿಗ್ನಲ್ಲಿನಾಗ ಕೆಂಪು ದೀಪಕ್ಕ ಕಾಯೋನು ಎದುರಿಗೆ ದಾಟೋ ಮುದುಕನ್ನೂ ಕಾಯ್ತಾನ, ಎರಡು ಕೆಲಸಕ್ಕ ಒಂದಾ ಪದ, ಅದೂ ಅಚ್ಚ ಕನ್ನಡದ್ದು. ಕಾಯ್ದೆ ಅನ್ನೋ ಪದ ಅರಬ್ಬಿಯ ಕಾಯಿದಾದಿಂದ ಬಂದದ್ದು ಅಂತ ಗೊತ್ತು, ಅದನ್ನ ಇದಕ್ಕ ಗಂಟು ಹಾಕೋ ತಪ್ಪು ನಾನು ಮಾಡಂಗಿಲ್ಲ, ಆದ್ರ ‘ನಾನು ಕಾಯ್ದೆ’ ಅಂತ ಹುಡುಗ್ರು ಓದಿದಾಗ ಎರಡೂ ಒಟ್ಟಿಗೆ ಕಿವಿಗೆ ಬೀಳ್ತಾವ, ಅದು ನೆನಪಿನಾಗ ಉಳಿಯಾಕ ಒಳ್ಳೇದಾ.

ಈಗ ನೀವು ಹೇಳಬೇಕಾದ್ದು. ‘ಮಾತು ಕಾಯ್ದುಕೊಂಡ’, ‘ಮಾನ ಕಾಯ್ದ’ ಅಂತ ಕೇಳೀನಿ. ‘ನಿಯಮ ಕಾಯು’, ‘ಕಟ್ಟಳಿ ಕಾಯು’ ಅಂತ ನಿಮ್ಮ ಊರಾಗ, ನಿಮ್ಮ ಅಜ್ಜ ಅಜ್ಜಿ ಬಾಯಾಗ, ಹಂತಿ ಪದದಾಗ, ಮೊಹರಂ ಪದದಾಗ ಎಲ್ಲಿಯಾದ್ರೂ ಕೇಳೀರೇನು? ಗೋಡಿ ಮ್ಯಾಲೆ “ರೋಡಿನ ನಿಯಮ ಕಾಯಿ, ಅದು ನಿನ್ನ ಕಾಯ್ತದ” ಅಂತ ಬರಸಿದ್ರ ವ್ಯಾಕರಣಕ್ಕ ಏನಾರ ತೊಡಕು ಆಗ್ತೈತೇನು, ‘ನಿನ್ನ’ ಅನ್ನೋದು ಸಾಕೋ ‘ನಿನ್ನನ್ನ’ ಅಂತನಾ ಬೇಕೋ? ಮೈಸೂರು, ಮಂಗಳೂರು ಕಡೆಯವ್ರಿಗೆ ಇದು ಓದಿದ ಕೂಡ್ಲೇ ತಿಳೀತೈತೋ ಇಲ್ಲೋ ಅದನ್ನೂ ಹೇಳ್ರಿ. ಪೇಂಟರ್ ಸೋಮವಾರ ಮುಂಜಾನಿ ಬರ್ತಾನ, ಸುಣ್ಣ ಬಳದು ಗೋಡಿ ತಯಾರೈತಿ.