ನಾನು ಓದದ ಜಾಹೀರಾತಿನಲ್ಲಿ ನನ್ನ ದನಿ: ಹಳೇ ಅಗ್ರಿಮೆಂಟ್ ಸಾಕಾ?

ಓದುವದನಿ ಕೇಳಿದ್ದು:

ಆಡಿಯೋಬುಕ್ ಓದುವುದು ನನ್ನ ಕೆಲಸ. ಮೊನ್ನೆ ಗೆಳತಿಯೊಬ್ಬಳು ಸಾಲ ಕೊಡುವ ಆ್ಯಪ್ ಒಂದರ ಜಾಹೀರಾತು ಕಳಿಸಿ, "ಚೆನ್ನಾಗಿ ಓದಿದೀಯ ಕಣೇ" ಅಂದಳು. ನಾನದನ್ನು ಓದಿಯೇ ಇಲ್ಲ. ಆದರೆ ದನಿ ನನ್ನದೇ. ಉದ್ದ ವಾಕ್ಯದ ನಡುವೆ ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಳ್ಳುವುದು ನನ್ನ ರೂಢಿ. ಎದುರಿಗೆ ಕೂತು ಓದಿದ ಹಾಗಿರಲಿ ಅಂತ, ಎಡಿಟಿಂಗ್‌ನಲ್ಲಿ ಅದನ್ನು ತೆಗೆಯಬೇಡಿ ಎಂದು ನಾನೇ ಹೇಳುತ್ತೇನೆ. ಆ ಉಸಿರು ಜಾಹೀರಾತಿನಲ್ಲೂ ಇದೆ, ತಪ್ಪು ಜಾಗದಲ್ಲಿ. "ಕಡಿಮೆ" ಅಂದಮೇಲೆ ಒಂದು ಉಸಿರು, ಆಮೇಲೆ "ಬಡ್ಡಿ". ಯಾವ ಮನುಷ್ಯರೂ ಅಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ.

ಹಿಂದೆ ಓದಿಕೊಟ್ಟಿದ್ದ ಸಂಸ್ಥೆಯನ್ನು ವಿಚಾರಿಸಿದೆ. ಜಾಹೀರಾತಿನ ವಿಷಯಕ್ಕೆ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. "ರೆಕಾರ್ಡಿಂಗಿನ ಎಲ್ಲ ಹಕ್ಕೂ ನಮ್ಮದು, ಅಗ್ರಿಮೆಂಟ್ ನೋಡಿ" ಅಂದರು. ಅಗ್ರಿಮೆಂಟ್ 2019ರದು. "ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ" ಎಂದಿದೆ. ಎಐ ಮಾತೇ ಇಲ್ಲ. ನಾನು ಓದಿದ ಪುಸ್ತಕವನ್ನು ಅವರು ಎಷ್ಟು ಸಲ ಬೇಕಾದರೂ ಮಾರಿಕೊಳ್ಳಲಿ, ಅದಕ್ಕೇ ಸಹಿ ಹಾಕಿದ್ದು. ನಾನು ಆಡದ ಮಾತನ್ನು ನನ್ನ ದನಿಯಲ್ಲಿ ಆಡಿಸುವುದಕ್ಕೂ ಅದೇ ಸಹಿ ಸಾಕಾ?

ಕರಾರುಪತ್ರ:

ಸಾಲದು ಅಂತಲೇ ನನ್ನ ಅಭಿಪ್ರಾಯ ಮೇಡಂ. ಆದರೆ ದಾರಿ ಅಷ್ಟು ನೇರವಾಗಿಲ್ಲ.

ಹಕ್ಕುಸ್ವಾಮ್ಯ ಇರುವುದು ರೆಕಾರ್ಡಿಂಗಿಗೆ, ದನಿಗಲ್ಲ. ದನಿಯನ್ನು ಕಾಯುವುದು ವ್ಯಕ್ತಿತ್ವದ ಹಕ್ಕು, ಅಂದರೆ ನಮ್ಮ ಹೆಸರು, ಮುಖ, ದನಿಯನ್ನು ಬೇರೆಯವರು ಒಪ್ಪಿಗೆಯಿಲ್ಲದೆ ಬಳಸದಂತೆ ತಡೆಯುವ ಹಕ್ಕು. ಅಮೆರಿಕದಲ್ಲಿ ಗಾಯಕಿ ಬೆಟ್ ಮಿಡ್ಲರ್ ಜಾಹೀರಾತಿಗೆ ಹಾಡಲು ಒಪ್ಪಲಿಲ್ಲವೆಂದು ಫೋರ್ಡ್ ಕಂಪನಿಯ ಪರವಾಗಿ ಅವರ ಹಾಗೇ ಹಾಡುವವರಿಂದ ಹಾಡಿಸಿದ್ದರು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಮಿಡ್ಲರ್ ಪರ ನಿಂತಿತು. ಎಐ ದನಿಯ ವಿಷಯದಲ್ಲಿ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರಿಗೆ ಮಧ್ಯಂತರ ರಕ್ಷಣೆ ಕೊಟ್ಟಿದೆ.

ಅವರೆಲ್ಲ ಹೆಸರುವಾಸಿಗಳು ಅನ್ನುತ್ತೀರಿ. ಅದಕ್ಕೇ ನಿಮಗೆ ಹತ್ತಿರದ್ದು, ಎಐ ದನಿ ಮಾರುವ ಲೋವೋ ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ನಡೆದಿರುವ ಪ್ರಕರಣ. ನಿಮ್ಮಂಥದೇ ವೃತ್ತಿಯ ಇಬ್ಬರು, ತಮ್ಮ ದನಿಯನ್ನು ಒಪ್ಪಿಗೆಯಿಲ್ಲದೆ ಕ್ಲೋನ್ ಮಾಡಿ ಮಾರಿದ್ದಾರೆಂದು 2024ರಲ್ಲಿ ದಾವೆ ಹೂಡಿದರು. 2025ರ ಜುಲೈನಲ್ಲಿ ನ್ಯಾಯಾಧೀಶರು ಹಕ್ಕುಸ್ವಾಮ್ಯ, ಟ್ರೇಡ್‌ಮಾರ್ಕ್ ವಾದಗಳಲ್ಲಿ ಹೆಚ್ಚಿನವನ್ನು ತಳ್ಳಿಹಾಕಿದರು. ಆದರೆ ಕರಾರು ಮುರಿದದ್ದು, ಆ ರಾಜ್ಯದ ಕಾನೂನಿನಡಿ ದನಿಯ ದುರ್ಬಳಕೆ ಮಾಡಿದ್ದು, ಈ ವಾದಗಳನ್ನು ಮುಂದುವರಿಯಲು ಬಿಟ್ಟರು.

ನಿಮ್ಮ ಅಗ್ರಿಮೆಂಟಿಗೆ ಭಾರತದ ಕಾನೂನು ಅನ್ವಯಿಸುವುದಾದರೆ ಇನ್ನೊಂದು ಹಿಡಿತ ಇದೆ. ಕಾಪಿರೈಟ್ ಕಾಯ್ದೆಯ 18ನೇ ಸೆಕ್ಷನ್ನಿಗೆ 2012ರಲ್ಲಿ ಒಂದು ಷರತ್ತು ಸೇರಿಸಿದರು. ಹಕ್ಕು ಬರೆದುಕೊಡುವಾಗ ಅಸ್ತಿತ್ವದಲ್ಲೇ ಇಲ್ಲದ ಅಥವಾ ವ್ಯಾಪಾರದ ಬಳಕೆಗೆ ಬಂದಿರದ ಮಾಧ್ಯಮವನ್ನು ಸ್ಪಷ್ಟವಾಗಿ ಹೆಸರಿಸಿರದಿದ್ದರೆ, ಬರೆದುಕೊಟ್ಟ ಹಕ್ಕು ಅದಕ್ಕೆ ಅನ್ವಯಿಸುವುದಿಲ್ಲ. ಅದೇ ಕಾಯ್ದೆಯ 39ಎ ಸೆಕ್ಷನ್ ಪ್ರಕಾರ ಇದು ಪ್ರದರ್ಶಕರ ಹಕ್ಕಿಗೂ, ಅಂದರೆ ಹಾಡಿದವರ, ಓದಿದವರ ಹಕ್ಕಿಗೂ ಸಲ್ಲುತ್ತದೆ. ಕಂಪ್ಯೂಟರ್ ದನಿ 2019ರಲ್ಲೂ ಇತ್ತಲ್ಲ ಎಂದು ಅವರು ವಾದಿಸುತ್ತಾರೆ, ಅದಕ್ಕೆ ತಯಾರಾಗಿರಿ.

ಅಲೆಯಳತೆ:

ನಾನು ಧ್ವನಿ ತಂತ್ರಜ್ಞಾನದಲ್ಲಿ ಕೆಲಸ ಮಾಡುವವನು. ಆ ಸಂಸ್ಥೆಯೇ ಕೊಟ್ಟಿತು ಅಂತ ಈಗಲೇ ಎಲ್ಲೂ ಬರೆಯಬೇಡಿ ಮೇಡಂ. 15 ಸೆಕೆಂಡಿನ ಮಾದರಿ ಇದ್ದರೆ ದನಿ ಹುಟ್ಟಿಸಬಹುದೆಂದು ಓಪನ್‌ಎಐ 2024ರ ಮಾರ್ಚ್‌ನಲ್ಲೇ ತೋರಿಸಿತ್ತು. ಆಡಿಯೋಬುಕ್ಕಿನ ಸ್ಯಾಂಪಲ್ ತುಣುಕು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ, ಯಾರು ಬೇಕಾದರೂ ಎತ್ತಿರಬಹುದು.

ನೀವು ಹೇಳಿದ ಉಸಿರು ಒಳ್ಳೆಯ ಸುಳಿವು. ದನಿ ಹುಟ್ಟಿಸುವ ಎಐ ಮಾಡೆಲ್ ನಿಮ್ಮ ಉಸಿರನ್ನೂ ದನಿಯ ಭಾಗವೆಂದೇ ಕಲಿಯುತ್ತದೆ. ಅರ್ಥ ನೋಡಿ ಉಸಿರೆಳೆಯುವ ವಿವೇಚನೆ ಅದಕ್ಕೆ ಸರಿಯಾಗಿ ಬಂದಿರುವುದಿಲ್ಲ. ಜಾಹೀರಾತನ್ನು ಸ್ಕ್ರೀನ್ ರೆಕಾರ್ಡ್ ಮಾತ್ರ ಮಾಡಿ ಬಿಡಬೇಡಿ. ಸಾಧ್ಯವಾದರೆ ಮೂಲ ಫೈಲನ್ನೇ ಇಳಿಸಿಕೊಳ್ಳಿ, ಲಿಂಕ್, ದಿನಾಂಕ ಬರೆದಿಡಿ. ನಿಮ್ಮ ಹಳೇ ರೆಕಾರ್ಡಿಂಗಿನ ಎಡಿಟ್ ಮಾಡದ ಫೈಲುಗಳಿದ್ದರೆ ಅಳಿಸಲೇಬೇಡಿ.

ಪುಟ್ಟಪ್ರಕಾಶನ:

ಬೇರೆ ಕಡೆಯಿಂದ ಒಂದು ಮಾತು. ದನಿ ಕಲಾವಿದರನ್ನು ಕರೆಸುವಷ್ಟು ಶಕ್ತಿ ನಮ್ಮಂಥ ಸಣ್ಣ ಪ್ರಕಾಶಕರಿಗೆ ಎಲ್ಲ ಪುಸ್ತಕಕ್ಕೂ ಇರುವುದಿಲ್ಲ. ಎಐ ದನಿ ಬಂದಮೇಲೆ ಕಣ್ಣು ಕಾಣದ ಓದುಗರಿಗೆ ಎಷ್ಟೋ ಪುಸ್ತಕ ತಲುಪಿದೆ. ಈ ತಂತ್ರವನ್ನೇ ಬೇಡ ಅನ್ನಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಓದುವದನಿ:

ಬೇಡ ಅನ್ನುತ್ತಿಲ್ಲ ಸರ್. ಆ ಓದುಗರಿಗಾಗಿ ಅಂತ ನೀವು ಬಂದು ಕೇಳಿದ್ದರೆ ನಾನೇ ಕೂತು ಮಾದರಿ ಓದಿಕೊಡುತ್ತಿದ್ದೆ. ಕೇಳಬೇಕು, ಅಷ್ಟೇ. 2023ರ ಮುಷ್ಕರದಲ್ಲಿ ಹಾಲಿವುಡ್ ನಟರು ಪಟ್ಟು ಹಿಡಿದದ್ದೂ ಇದಕ್ಕೇ: ಡಿಜಿಟಲ್ ನಕಲಿಗೆ ಒಪ್ಪಿಗೆ, ಅದಕ್ಕೆ ಸಂಭಾವನೆ.

ನನ್ನ ಸಂಕಟ ದುಡ್ಡಿನದಷ್ಟೇ ಅಲ್ಲ. ರಾತ್ರಿ ನನ್ನ ಕಥೆ ಕೇಳಿ ಮಲಗುವ ವಯಸ್ಸಾದವರು ನನಗೆ ಬರೆಯುತ್ತಾರೆ. ಅವರಲ್ಲೊಬ್ಬರು ಈ ದನಿಯನ್ನು ನಂಬಿ ಆ ಆ್ಯಪಿನಲ್ಲಿ ಸಾಲ ತೆಗೆದುಕೊಂಡರೆ ನಾನು ಯಾರಿಗೆ ಏನು ಹೇಳಲಿ?

ಅಲೆಯಳತೆ ಅವರು ಹೇಳಿದ ಹಾಗೆ ಫೈಲ್ ಇಳಿಸಿಟ್ಟಿದ್ದೇನೆ. ಮೊದಲ ಪತ್ರ ಆ್ಯಪಿನವರಿಗೆ: ಜಾಹೀರಾತು ತೆಗೆಯಿರಿ, ದನಿ ಎಲ್ಲಿಂದ ತಂದಿರಿ ತಿಳಿಸಿ. ಎರಡನೆಯದು ಸಂಸ್ಥೆಗೆ: ನನ್ನ ರೆಕಾರ್ಡಿಂಗ್ ಯಾರ್‍ಯಾರಿಗೆ ಕೊಟ್ಟಿದ್ದೀರಿ, ಬರವಣಿಗೆಯಲ್ಲಿ ಹೇಳಿ. ಕರಾರುಪತ್ರ ಅವರೇ, 18ನೇ ಸೆಕ್ಷನ್ನಿನ ಮಾತು ಈಗಲೇ ಎತ್ತಲಾ, ಅವರ ಉತ್ತರ ಬಂದಮೇಲಾ?

ಕರಾರುಪತ್ರ:

ಉತ್ತರ ಬರಲಿ. ಮೊದಲು ಅವರು ಏನನ್ನು ಒಪ್ಪಿಕೊಳ್ಳುತ್ತಾರೆ ನೋಡೋಣ. ಪತ್ರ ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ, ಇಮೇಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ.